ಬೋರ್ ಮಾಡಿಸದೆ ಇಳಿಸಿದ ಅಂಬಾಸಡರ್ ಇಂಜಿನ್: ನನ್ನ ಅನುಭವ

ನನ್ನ 1984ರ ಮಾರ್ಕ್ 4 ಅಂಬಾಸಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನನ್ನು ಗಾಡಿಯಿಂದ ಕೆಳಗಿಳಿಸಿ ಬಿಚ್ಚುತ್ತೇನೆ, ಆದರೆ ಬೋರ್ (ಸವೆದ ಸಿಲಿಂಡರ್‌ಗಳನ್ನು ಕೊರೆದು ಸರಿಪಡಿಸುವುದು) ಮಾಡಿಸುವುದಿಲ್ಲ ಎಂದಾಗ ತುಮಕೂರಿನ ಸ್ನೇಹಿತರೆಲ್ಲ ಅದು ದುಡ್ಡು ಹಾಳು ಮಾಡುವ ಕೆಲಸವೆಂದರು. ನಾಲ್ಕೂ ಸಿಲಿಂಡರ್‌ಗಳಲ್ಲಿ ಕಂಪ್ರೆಷನ್ (ಒಳಗಿನ ಒತ್ತಡ) 120 ಪಿಎಸ್‌ಐ ಆಸುಪಾಸಿನಲ್ಲಿತ್ತು, ಹೊಗೆಯೂ ಇರಲಿಲ್ಲ; ಹಾಗಾಗಿ ಬೋರ್ ಬೇಕೆನಿಸಲಿಲ್ಲ. ಆದರೆ ಚಾರ್ಮಾಡಿ ಘಾಟಿ ಹತ್ತುವಾಗ ಅರ್ಧ ದಾರಿಯಲ್ಲೇ ನೀರು ಕುದಿಯುತ್ತಿತ್ತು. ಆ ಕಾಯಿಲೆಗೆ ಅಷ್ಟರಲ್ಲಿ ರೇಡಿಯೇಟರ್ ಕೋರ್, ವಾಟರ್ ಪಂಪ್, ಹೆಡ್ ಫೇಸಿಂಗ್ ಎಂದು ಸುಮಾರು 14,000 ರೂಪಾಯಿ ಸುರಿದಿದ್ದೆ.

ಅದಕ್ಕೂ ಮೊದಲು ಕ್ಲಚ್‌ಗಾಗಿ ಒಮ್ಮೆ ಇಂಜಿನ್ ಇಳಿಸಿ, ಬೇರೇನನ್ನೂ ಮುಟ್ಟದೆ ಏರಿಸಿದ್ದು ನನ್ನ ದೊಡ್ಡ ತಪ್ಪು. ಆರೇಳು ವಾರಗಳಲ್ಲಿ, ಸುತ್ತಿಗೆ ಬೀಸಲು ಜಾಗವೇ ಇಲ್ಲದ ಮೂಲೆಯ ವಾಟರ್ ಡಮ್ಮಿಯೊಂದು (ಇಂಜಿನ್ ಬ್ಲಾಕ್‌ನ ನೀರಿನ ದಾರಿಯ ರಂಧ್ರ ಮುಚ್ಚುವ ಲೋಹದ ಬಿಲ್ಲೆ) ತೂತಾಯಿತು. ಚೈನ್ ಪುಲ್ಲಿಯ ಬಾಡಿಗೆ, ಇಬ್ಬರು ಆಳುಗಳ ಕೂಲಿ, ಹೊಸ ಪ್ಯಾಕಿಂಗ್‌ಗಳು ಸೇರಿ ಇನ್ನೊಂದು 4,000 ರೂಪಾಯಿ ಖರ್ಚಾಗುವುದು ಖಚಿತವಾಯಿತು. ಹೀಗಾಗಿ ಎರಡನೆಯ ಸಲ ಇಳಿಸಿದಾಗ ಯಾವುದನ್ನೂ ಬಿಡಬಾರದೆಂದು ನಿಶ್ಚಯಿಸಿದೆ.

ಮೊದಲು ಬ್ಲಾಕ್‌ನ ಡ್ರೈನ್ ಕಾಕ್ (ನೀರು ಬಸಿಯುವ ನಲ್ಲಿ) ಬಿಚ್ಚಿದೆ. ಒಂದು ಹನಿಯೂ ಬರಲಿಲ್ಲ. ತಂತಿ ತೂರಿಸಿ ತಿರುಗಿಸಿದ ಮೇಲೆ ಕಾವಿ ಬಣ್ಣದ ನೀರು ಜಿನುಗಿತು. ಡಮ್ಮಿಗಳನ್ನೆಲ್ಲ ಕಿತ್ತು ನೋಡಿದರೆ ನಾಲ್ಕನೆಯ ಸಿಲಿಂಡರ್‌ನ ಸುತ್ತ, ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳದಂತೆ, ತುಕ್ಕು ಮತ್ತು ಬೋರ್‌ವೆಲ್ ನೀರಿನ ಸುಣ್ಣ ಸೇರಿ ಗಟ್ಟಿಯಾದ ಕೆಸರು ಕುಳಿತಿತ್ತು. ಕೆರೆದು ತೆಗೆದದ್ದು ಎರಡು ಚಹಾ ಲೋಟದಷ್ಟು. ಹೊಸ ರೇಡಿಯೇಟರ್ ಹಾಕಿದರೂ ಗಾಡಿ ಏಕೆ ಕುದಿಯುತ್ತಿತ್ತು ಎಂಬುದು ಆ ಕ್ಷಣದಲ್ಲಿ ನನಗೆ ಅರ್ಥವಾಯಿತು.

ಉಳಿದ ಪದರವನ್ನು ಏನು ಕರಗಿಸೀತೆಂದು ಪರೀಕ್ಷಿಸಲು, ತುಕ್ಕು ಹಿಡಿದ ಹಳೆಯ ಪಂಪ್ ಪುಲ್ಲಿಯೊಂದನ್ನು ಹುಣಸೆ ನೀರಿನಲ್ಲಿ ಮೂರು ದಿನ ನೆನೆಸಿ ನೋಡಿದೆ. ತುಕ್ಕು ಬಿಟ್ಟರೂ ಜಿಗುಟು ಉಳಿಯಿತು. ಕೊನೆಗೆ ಕೈಹಿಡಿದದ್ದು ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ). ಎಷ್ಟು ನೀರಿಗೆ ಎಷ್ಟು, ಎಷ್ಟು ಹೊತ್ತು ಎಂಬ ಲೆಕ್ಕ ನಾಲ್ಕು ಸಲ ಕೆಡಿಸಿ ಕಲಿತದ್ದಾದ್ದರಿಂದ ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಹಿತ್ತಾಳೆಯ ಹೊಸ ಡಮ್ಮಿಗಳಿಗೆ 500 ರೂಪಾಯಿಯೊಳಗೇ ಆಯಿತು.

ಆಯಿಲ್ ಸೋರಿಕೆಯದು ಬೇರೆ ಕಥೆ. ಈ ಇಂಜಿನ್‌ನ ಕ್ರ್ಯಾಂಕ್‌ನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್‌ನ) ಹಿಂತುದಿಯಲ್ಲಿ ರಬ್ಬರ್ ಸೀಲ್ ಇಲ್ಲ. ಶಾಫ್ಟ್ ಮೇಲೆ ಸ್ಕ್ರೂ ತ್ರೆಡ್‌ನಂತೆ ಕೊರೆದ ಗೀರು ಆಯಿಲನ್ನು ಚೇಂಬರ್ (ತಳದ ಆಯಿಲ್ ತೊಟ್ಟಿ) ಕಡೆಗೆ ತಳ್ಳುತ್ತದೆ. ಒಳಗೆ ಒತ್ತಡ ಕಟ್ಟಿದರೆ ಅದು ಸೋಲುತ್ತದೆ. ಅಲ್ಲಿ ಸೀಲ್ ಕೂರಿಸಲು ಲೇತ್‌ನವರು 6,000 ಕೇಳಿದ್ದರು. ಬದಲಿಗೆ ನಾನು ಒಳಗಿನ ಒತ್ತಡ ಆಚೆ ಹೋಗುವ, ಸೈಡ್ ಕವರಿನ ಬ್ರೀದರ್ ಪೈಪನ್ನು ಸುಟ್ಟು, ಉಜ್ಜಿ, ಊದಿದರೆ ಗಾಳಿ ಆಚೆ ಬರುವ ಹಾಗೆ ಮಾಡಿದೆ. ಬೋಲ್ಟ್ ಬಿಗಿದು ಬಿಗಿದು ಸೊಟ್ಟಗಾಗಿದ್ದ ಕವರನ್ನು ಕಲ್ಲುಚಪ್ಪಡಿಯ ಮೇಲಿಟ್ಟು ಸಮ ಮಾಡಿ ಹೊಸ ಕಾರ್ಕ್ ಹಾಕಿದೆ.

ಕ್ಲಚ್ ಪ್ಲೇಟ್ ಚೆನ್ನಾಗಿತ್ತು, ಮುಟ್ಟಲಿಲ್ಲ. ಕ್ರ್ಯಾಂಕ್‌ನ ತುದಿಯ ರಂಧ್ರದಲ್ಲಿ ಕೂತು ಗೇರ್‌ಬಾಕ್ಸ್ ಶಾಫ್ಟ್‌ನ ತುದಿಯನ್ನು ಹಿಡಿಯುವ ಪೈಲಟ್ ಬುಷ್ ಮಾತ್ರ ಸವೆದಿತ್ತು. ಅದನ್ನು ಈಚೆ ತಳ್ಳಲು ರಂಧ್ರಕ್ಕೆ ಗ್ರೀಸ್ ತುಂಬಿ ಹೊಡೆದಾಗ ಗ್ರೀಸೇ ಸಂದಿನಿಂದ ಚಿಮ್ಮಿತು. ನೆನೆಸಿದ ಪೇಪರ್ ತುರುಕಿ ಹೊಡೆದಾಗ ಬುಷ್ ಈಚೆ ಬಂತು. ಹೊಸದನ್ನು ಒಂದು ರಾತ್ರಿ ಆಯಿಲ್‌ನಲ್ಲಿ ನೆನೆಸಿ ಕೂರಿಸಿದೆ. ಇಂಜಿನ್ ಫೌಂಡೇಷನ್ ರಬ್ಬರ್‌ಗಳು ಆಯಿಲ್ ಕುಡಿದು ಹಲಸಿನ ತೊಳೆಯಂತೆ ಮೆತ್ತಗಾಗಿದ್ದರಿಂದ ಅವನ್ನೂ ಬದಲಿಸಿದೆ.

ಎಲ್ಲ ಸೇರಿ ಹದಿನೇಳು ದಿನ, ಕೂಲಿಯೂ ಒಳಗೊಂಡು 8,000 ರೂಪಾಯಿಯ ಆಸುಪಾಸು. ಮೇ ತಿಂಗಳ ಮಧ್ಯಾಹ್ನ ನಾಲ್ವರನ್ನು ಕೂರಿಸಿಕೊಂಡು ಅದೇ ಚಾರ್ಮಾಡಿ ಘಾಟಿಯನ್ನು ಉಜಿರೆಯಿಂದ ಕೊಟ್ಟಿಗೆಹಾರದವರೆಗೆ ನಿಲ್ಲಿಸದೆ ಹತ್ತಿಸಿದೆ. ಟೆಂಪರೇಚರ್ ಮೀಟರಿನ ಮುಳ್ಳು ನಡುಗೆರೆಯನ್ನು ದಾಟಲಿಲ್ಲ. ಬೋರ್ ಮಾಡಿಸೆಂದು ಹಟ ಹಿಡಿದಿದ್ದ ಸ್ನೇಹಿತರೊಬ್ಬರು ಹಿಂದಿನ ಸೀಟಿನಲ್ಲಿದ್ದರು. ಶೆಡ್ಡಿನಲ್ಲಿ ಗಾಡಿಯ ಕೆಳಗೆ ಹಾಸಿದ ರಟ್ಟಿನ ಮೇಲೆ ಈಗ ಬೀಳುವುದು ವಾರಕ್ಕೆ ಎರಡು ಮೂರು ಹನಿ ಆಯಿಲ್ ಮಾತ್ರ.