8 ಜಿಬಿ ಲಿನಕ್ಸ್ ಫೋನಿಗೆ ಆ್ಯಪ್ ಹಾಕುವ ಮುಂಚೆ

ನನ್ನ ಹತ್ತಿರ 2015ರ ರೆಡ್‌ಮಿ 2 ಇದೆ. 1 ಜಿಬಿ ರ‍್ಯಾಮ್, 8 ಜಿಬಿ ಜಾಗ. ಸುಮ್ನೆ ಬಿದ್ದಿತ್ತು ಅಂತ ಆಂಡ್ರಾಯ್ಡ್ ಬದಲು ಫೋನಿಗೆಂದೇ ಮಾಡಿದ ಲಿನಕ್ಸ್, ಪೋಸ್ಟ್‌ಮಾರ್ಕೆಟ್‌ಓಎಸ್ ಹಾಕಿದೆ. ದಾವಣಗೆರೆಯಲ್ಲಿ ನಮ್ಮದು ಝೆರಾಕ್ಸ್ ಅಂಗಡಿ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಚೆಸ್ ಆಡೋಣ ಅನ್ನಿಸಿ, ಲಿನಕ್ಸಿಗೆ ಆ್ಯಪ್ ಹಾಕುವ ಒಂದು ದಾರಿಯಾದ ಫ್ಲಾಟ್‌ಪ್ಯಾಕ್‌ನಲ್ಲಿ ಗ್ನೋಮ್ ಚೆಸ್ ಹಾಕಿದೆ. ಆಟ ಕೆಲವೇ ಎಂಬಿ. ಅದರ ಬೆನ್ನಿಗೆ ಬಂದ ಸಾಮಾನು ಹತ್ತಿರ ಹತ್ತಿರ 1 ಜಿಬಿ! ತಪ್ಪು ನನ್ನದೇ. ಏನೇನು ಇಳಿಯುತ್ತದೆ ಅಂತ ಅದು ಪಟ್ಟಿ ತೋರಿಸಿತ್ತು, ನಾನು ಓದದೆ ವೈ ಒತ್ತಿದ್ದೆ.

ನಮ್ಮ ಬೀದಿಗೆಲ್ಲ ಒಂದೇ ಹಿಟ್ಟಿನ ಗಿರಣಿ. ಎಲ್ಲರ ಜೋಳವೂ ಅಲ್ಲೇ ಬೀಸುವುದು, ಯಾರ ಅಡುಗೆಮನೆಯಲ್ಲೂ ಯಂತ್ರ ಇಲ್ಲ. ಶೇರ್ಡ್ ಲೈಬ್ರರಿ, ಅಂದರೆ ಹಲವು ಆ್ಯಪ್ ಹಂಚಿಕೊಳ್ಳುವ ಸಿದ್ಧ ಕೋಡ್, ಕೂಡ ಹೀಗೆ. ಪರದೆಯ ಮೇಲೆ ಬಟನ್, ಮೆನು ಬಿಡಿಸುವ ಜಿಟಿಕೆ ಒಂದೇ ಪ್ರತಿ ಇರುತ್ತದೆ, ಹತ್ತು ಆ್ಯಪ್ ಅದನ್ನೇ ಬಳಸುತ್ತವೆ. ರ‍್ಯಾಮ್‌ನಲ್ಲೂ ಅದರ ಕೋಡ್ ಒಂದೇ ಸಲ ಕೂರುತ್ತದೆ. 2014ರಲ್ಲಿ ಇಂಟರ್ನೆಟ್ ಮಾತುಕತೆಗೆ ಬೀಗ ಹಾಕುವ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಅನ್ನೋ ತೂತು ಸಿಕ್ಕಿತಲ್ಲ, ಆಗ ಹಂಚಿಕೊಂಡ ಪ್ರತಿ ಬದಲಿಸಿ ಪ್ರೋಗ್ರಾಂ ಮತ್ತೆ ಶುರು ಮಾಡಿದರೆ ಅದನ್ನು ಬಳಸುವ ಎಲ್ಲಕ್ಕೂ ತೇಪೆ ಬಿತ್ತು. ಒಳಗೇ ಸ್ವಂತ ಪ್ರತಿ ಇಟ್ಟುಕೊಂಡವನ್ನು ಒಂದೊಂದಾಗಿ ಬದಲಿಸಬೇಕಾಯಿತು.

ಗಿರಣಿಯ ತಾಪತ್ರಯವೂ ಗೊತ್ತಲ್ವಾ? ನಮಗಿಂತ ಮುಂಚೆ ಯಾರೋ ಮೆಣಸಿನಕಾಯಿ ಹಾಕಿಸಿದ್ದರೆ ಆವತ್ತು ನಮ್ಮ ರೊಟ್ಟಿಯೂ ಖಾರ. ಒಂದು ಆ್ಯಪ್‌ಗೋಸ್ಕರ ಲೈಬ್ರರಿಯ ಆವೃತ್ತಿ ಬದಲಾದರೆ ಇನ್ನೊಂದು ಮುನಿಸಿಕೊಳ್ಳುತ್ತದೆ. ಅದಕ್ಕೇ ಬೇಕಾದ ಲೈಬ್ರರಿಗಳನ್ನು ಆ್ಯಪ್ ಜೊತೆಗೇ ತರುವ ಫ್ಲಾಟ್‌ಪ್ಯಾಕ್, ಆ್ಯಪ್‌ಇಮೇಜ್ ಹುಟ್ಟಿದ್ದು.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. ಮೊದಲು ಟರ್ಮಿನಲ್‌ನಲ್ಲಿ ಡಿಎಫ್, ಹೈಫನ್, ಎಚ್ ಅಂತ ಕೊಟ್ಟು ಎಷ್ಟು ಜಾಗ ಉಳಿದಿದೆ ನೋಡಿ. ಆಮೇಲೆ ಫೋನಿನದೇ ಪ್ಯಾಕೇಜ್ ಹಾಕುವ ಸಾಧನ ಎಪಿಕೆಯಲ್ಲಿ ಹುಡುಕಿ. ಆಂಡ್ರಾಯ್ಡ್‌ನ ಎಪಿಕೆ ಬೇರೆ, ಇದು ಪೋಸ್ಟ್‌ಮಾರ್ಕೆಟ್‌ಓಎಸ್‌ಗೆ ಬುನಾದಿಯಾದ ಆಲ್ಪೈನ್ ಲಿನಕ್ಸಿನದು. ಎಪಿಕೆ ಆ್ಯಡ್ ಜೊತೆ ಎರಡು ಹೈಫನ್ ಹಾಕಿ ಸಿಮ್ಯುಲೇಟ್ ಅಂತ ಸೇರಿಸಿದರೆ ನಿಜಕ್ಕೂ ಏನೂ ಇಳಿಯದೆ ಬರೀ ಪಟ್ಟಿ ಬರುತ್ತದೆ. ನನ್ನ ಫೋನಿನಲ್ಲಿ ಪರದೆ ನೋಡಿಕೊಳ್ಳುವ ಫಾಶ್ ಇರುವುದರಿಂದ ಜಿಟಿಕೆ ಮೊದಲೇ ಇತ್ತು. ಚೆಸ್‌ಗೆ ಬೇಕಾದದ್ದು ನಾಲ್ಕಾರು ಪ್ಯಾಕೇಜ್ ಅಷ್ಟೇ.

ಅಲ್ಲಿ ಸಿಗದಿದ್ದರೆ, ಇಲ್ಲಾ ತೀರಾ ಹಳೆಯದಿದ್ದರೆ ಮಾತ್ರ ಫ್ಲಾಟ್‌ಪ್ಯಾಕ್. ಇದನ್ನೂ ಪೂರ್ತಿ ಮನೆಗೊಂದು ಯಂತ್ರ ಅನ್ನಕ್ಕಾಗಲ್ಲ. ರನ್‌ಟೈಮ್ ಅಂತ ಲೈಬ್ರರಿಗಳ ಒಂದು ಗಂಟಿರುತ್ತದೆ, ಕೆಲವು ಆ್ಯಪ್ ಅದನ್ನು ಹಂಚಿಕೊಳ್ಳುತ್ತವೆ. ಆದರೆ ಆವೃತ್ತಿ ಒಂದೇ ಆಗಿರಬೇಕು. ಒಂದು ಆ್ಯಪ್ ಗ್ನೋಮ್ ರನ್‌ಟೈಮ್ 46 ಕೇಳಿ, ಇನ್ನೊಂದು 47 ಕೇಳಿದರೆ ಎರಡೂ ಬಂದು ಕೂರುತ್ತವೆ. ಹಾಕುವ ಮುಂಚೆ ರಿಮೋಟ್-ಇನ್ಫೋ ಕೊಟ್ಟು ರನ್‌ಟೈಮ್ ಸಾಲು ಓದಿ. ಇರುವ ರನ್‌ಟೈಮ್‌ಗೇ ಹೊಂದುವ ಆ್ಯಪ್ ಆರಿಸಿದರೆ ಎರಡನೆಯದು, ಮೂರನೆಯದು ಅಗ್ಗ.

ಆ್ಯಪ್ ತೆಗೆದರೂ ರನ್‌ಟೈಮ್ ಅಲ್ಲೇ ಉಳಿದಿರುತ್ತದೆ. ಫ್ಲಾಟ್‌ಪ್ಯಾಕ್ ಅನ್‌ಇನ್‌ಸ್ಟಾಲ್ ಅಂತ ಬರೆದು, ಮುಂದೆ ಎರಡು ಹೈಫನ್ ಹಾಕಿ ಅನ್‌ಯೂಸ್ಡ್ ಅಂತ ಕೊಡಿ. ಎಪಿಕೆಯಲ್ಲಿ ಈ ರಗಳೆ ಇಲ್ಲ. ಡೆಲ್ ಕೊಟ್ಟರೆ ಬೇರೆ ಯಾರಿಗೂ ಬೇಡವಾದ ಲೈಬ್ರರಿಗಳನ್ನೂ ಗುಡಿಸಿಕೊಂಡು ಹೋಗುತ್ತದೆ.

ಒಂದು ಸಲ ಎಲ್ಲಿಂದಲೋ ಇಳಿಸಿದ ಪ್ರೋಗ್ರಾಂ ಓಡಿಸಿದರೆ ‘ನಾಟ್ ಫೌಂಡ್’ ಅಂತ ಬಂತು. ಫೈಲ್ ಕಣ್ಣೆದುರಿಗೇ ಇದೆ! ಹೆಸರು ಮೂರು ಸಲ ಟೈಪ್ ಮಾಡಿದೆ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಅದನ್ನು ಕಟ್ಟಿದ್ದು ಜಿಲಿಬ್‌ಸಿಗೆ, ನನ್ನ ಫೋನಿನಲ್ಲಿರುವುದು ಮಸಲ್. ಎರಡೂ ಹೆಚ್ಚಿನ ಪ್ರೋಗ್ರಾಂಗೆ ಬೇಕಾದ ಮೂಲ ಲೈಬ್ರರಿಗಳೇ, ಆದರೆ ಬೇರೆ ಬೇರೆ. ಸಿಕ್ಕದೇ ಹೋಗಿದ್ದು ಆ ಫೈಲ್ ಅಲ್ಲ, ಅದನ್ನು ಎಬ್ಬಿಸಬೇಕಾದ ಲೋಡರ್. ಎಲ್‌ಡಿಡಿ ಮುಂದೆ ಫೈಲ್ ಹೆಸರು ಕೊಟ್ಟರೆ ಏನೇನು ಇಲ್ಲ ಅಂತ ಕಾಣುತ್ತದೆ. ಸಣ್ಣಪುಟ್ಟ ಪ್ರೋಗ್ರಾಂಗೆ ಜಿಕಾಂಪ್ಯಾಟ್ ಪ್ಯಾಕೇಜ್ ಹಾಕಿದರೆ ನಡೆಯಬಹುದು. ಆ್ಯಪ್‌ಇಮೇಜ್‌ಗಳದ್ದೂ ಜಾಸ್ತಿ ಇದೇ ಕಥೆ, ಯಾಕೆಂದರೆ ಅವು ಜಿಲಿಬ್‌ಸಿಯನ್ನು ಸಾಮಾನ್ಯವಾಗಿ ಜೊತೆಗೆ ತರುವುದಿಲ್ಲ. ಸಾಲದ್ದಕ್ಕೆ ತುಂಬಾ ಆ್ಯಪ್‌ಇಮೇಜ್ ಇಂಟೆಲ್, ಎಎಮ್‌ಡಿ ಯಂತ್ರಗಳಿಗೆ ಮಾತ್ರ ಇರುತ್ತವೆ, ನಮ್ಮ ಫೋನಿನದು ಬೇರೆ ಜಾತಿಯ ಚಿಪ್, ಆರ್ಮ್. ಫ್ಲಾಟ್‌ಪ್ಯಾಕ್ ತನ್ನ ಜಿಲಿಬ್‌ಸಿಯನ್ನು ತಾನೇ ಹೊತ್ತು ತರುವುದರಿಂದ ಮಸಲ್ ಫೋನಿನಲ್ಲೂ ಓಡುತ್ತದೆ. ಆ 1 ಜಿಬಿಯ ಒಂದು ಪಾಲು ಹೋಗುವುದು ಇಲ್ಲಿಗೇ.

ಈಗ ನನ್ನ ಫೋನಿನಲ್ಲಿ ಫ್ಲಾಟ್‌ಪ್ಯಾಕ್ ಒಂದೂ ಇಲ್ಲ. ಚೆಸ್ ಎಪಿಕೆಯದು. ಶುರುವಾಗಲು ಟೈಮ್ ತಗೊಳ್ಳುತ್ತೆ, ಅಷ್ಟರಲ್ಲಿ ನಾಲ್ಕು ಆಧಾರ್ ಕಾರ್ಡ್ ಝೆರಾಕ್ಸ್ ಮಾಡಿ ಕೊಟ್ಟಿರುತ್ತೇನೆ.