ದರಕಿನ ಕಾಲದಲ್ಲಿ ಮಂಗನ ಕಾಯಿಲೆಯ ಎಚ್ಚರಿಕೆ: ತೋಟದ ಸಲಹೆ ಕೊಡುವವರು ಮಾಡಬಹುದಾದ್ದು

ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವ ಕಾಲವೂ ದರಕು (ಕಾಡಿನ ಒಣ ತರಗೆಲೆ) ಗುಡಿಸುವ ಕಾಲವೂ ಒಂದೇ. ಕಚ್ಚಿ ಈ ರೋಗ ಹರಡುವ, ವೈರಸ್ ಹೊತ್ತ ಉಣುಗಿನ (ಉಣ್ಣೆಯ) ಮರಿಗಳು ನವೆಂಬರ್‌ನಿಂದ ಮೇವರೆಗೆ ಕಾಡಿನ ನೆಲದ ತರಗೆಲೆಯಲ್ಲಿರುತ್ತವೆ. ಕೊಟ್ಟಿಗೆಯ ಹಾಸಿಗೆ, ತೋಟದ ಮುಚ್ಚಿಗೆಗೆಂದು ಜನ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು, ತರಗೆಲೆ ತರುವ ಕಾಡು) ಹತ್ತುವುದೂ ಆಗಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ರೋಗಕ್ಕೆ ಕೊಡುತ್ತಿದ್ದ ಹಳೆಯ ಲಸಿಕೆ 2022ರಲ್ಲಿ ನಿಂತಿತು. ನಿರ್ದಿಷ್ಟ ಔಷಧಿಯೂ ಇಲ್ಲ. ಹಾಗಾಗಿ ಉಣುಗು ಕಚ್ಚದಂತೆ ನೋಡಿಕೊಳ್ಳುವ ಮಾತು ಗೊಬ್ಬರ, ಮುಚ್ಚಿಗೆಯ ಮಾತಿನೊಳಗೇ ಬರಬೇಕು.

ಮೊದಲ ಕೆಲಸ, ಎರಡು ಇಲಾಖೆಗಳ ಮಾತನ್ನು ಒಂದು ಮಾಡುವುದು. 'ಅಡಿಕೆ ಬುಡಕ್ಕೆ ದರಕು ಮುಚ್ಚಿ' ಎಂದು ಕೃಷಿ ತರಬೇತಿಯಲ್ಲಿ ಹೇಳಿ, 'ದರಕಿಗೆ ಹೋಗಬೇಡಿ' ಎಂದು ಆಶಾ ಕಾರ್ಯಕರ್ತೆಯ ಬಾಯಲ್ಲಿ ಹೇಳಿಸಿದರೆ ರೈತರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ನಾವು ಈಗ ಮುಚ್ಚಿಗೆಗೆ ತೋಟದಲ್ಲೇ ಬೀಳುವ ಸೋಗೆಯನ್ನು ಕತ್ತರಿಸಿ ಹಾಕಲು, ಸುಲಿದ ಅಡಿಕೆ ಸಿಪ್ಪೆ ಹರಡಲು ಹೇಳುತ್ತೇವೆ. ಕೊಟ್ಟಿಗೆಯ ವಿಷಯ ಅಷ್ಟು ಸುಲಭವಲ್ಲ. ರಬ್ಬರ್ ಮ್ಯಾಟ್ ಹಾಕಿದರೆ ಹಾಸಿಗೆ ಬೇಡ, ನಿಜ; ಆದರೆ ಗೊಬ್ಬರದ ರಾಶಿಯೂ ಇಳಿಯುತ್ತದೆ. ಈ ನಷ್ಟವನ್ನು ನಾವೇ ಮೊದಲು ಒಪ್ಪಿಕೊಂಡು ಮಾತು ಶುರುಮಾಡದಿದ್ದರೆ ಮುಂದಿನದ್ದನ್ನು ಯಾರೂ ಕೇಳುವುದಿಲ್ಲ. ಒಣಗಿಸಿದ ಸಿಪ್ಪೆ, ಹುಲ್ಲು ಬೆರೆಸಿ ಹಾಸಿದರೆ ದರಕಿನ ಹೊರೆಗಳು ಕಡಿಮೆಯಾಗುತ್ತವೆ. ಪೂರ್ತಿ ನಿಲ್ಲುತ್ತವೆಂದು ನಿರೀಕ್ಷಿಸಬಾರದು.

ಹೋಗಲೇಬೇಕಾದವರಿಗೆ 'ಮೈತುಂಬಾ ಬಟ್ಟೆ ಹಾಕಿ' ಎಂದಷ್ಟೇ ಹೇಳಿದರೆ ಸಾಲದು. ದರಕು ಗುಡಿಸುವವರಲ್ಲಿ ಹೆಚ್ಚಿನವರು ಸೀರೆ ಉಟ್ಟ ಹೆಂಗಸರು. ಸೀರೆಯೊಳಗೆ ಪ್ಯಾಂಟು, ಅದರ ತುದಿ ಕಾಲುಚೀಲದೊಳಗೆ, ಮೇಲೆ ತುಂಬುತೋಳಿನ ಅಂಗಿ: ಇದನ್ನು ಒಬ್ಬರ ಮೇಲೆ ಹಾಕಿ ತೋರಿಸಬೇಕು. ಪಂಚಾಯಿತಿಯಲ್ಲಿ, ಆಸ್ಪತ್ರೆಯಲ್ಲಿ ಕೊಡುವ, ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆಯನ್ನು ಹೊರಡುವ ಮೊದಲೇ ಕೈಕಾಲು, ಕುತ್ತಿಗೆಗೆ ಹಚ್ಚಬೇಕು. ಬೆವರು ಹರಿದರೆ ಮತ್ತೊಮ್ಮೆ. ಎಣ್ಣೆ ಸಿಗದಿರುವುದಕ್ಕಿಂತ ಬಾಟಲಿ ಮನೆಯಲ್ಲೇ ಉಳಿಯುವುದು ಹೆಚ್ಚು. ಹಾಗಾಗಿ ಕತ್ತಿ, ಹಗ್ಗ ನೇತುಹಾಕುವ ಗೂಟಕ್ಕೇ ಅದನ್ನೂ ಕಟ್ಟಿಸುತ್ತೇವೆ. ಮನೆಗೆ ಬಂದವರು ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಬೇಕು. ಎಳ್ಳಿನಷ್ಟೇ ಇರುವ ಮರಿ ಉಣುಗು ಕಣ್ಣಿಗೆ ಬೀಳುವುದಿಲ್ಲ. ಕಂಕುಳು, ಸೊಂಟ, ಮಂಡಿಯ ಹಿಂಭಾಗವನ್ನು ಬೆರಳಾಡಿಸಿ ನೋಡಬೇಕು. ಸಿಕ್ಕಿದರೆ ಉಗುರಿನಲ್ಲಿ ಹೊಸಕದೆ, ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಬೇಕು.

ದನಗಳ ಉಣುಗಿಗೆ ಡೆಲ್ಟಾಮೆಥ್ರಿನ್ ಕೀಟನಾಶಕ ಬಳಿಯುವವರು ಲೇಬಲ್ ನೋಡಿ ಅಳೆಯಬೇಕು, ಕೈಗವಸು ಹಾಕಬೇಕು. ಉಣುಗಿಗೆ ಕೊಡುವ ಐವರ್‌ಮೆಕ್ಟಿನ್ ಔಷಧಿ ಹಾಕಿದ ಹಸುವಿನ ಹಾಲು ಡೈರಿಗೆ ಹೋಗಬಾರದು. ಕರೆಯುವ ಹಸುವಿಗೆ ಪಶುವೈದ್ಯರನ್ನು ಕೇಳದೆ ಅದನ್ನು ಹಾಕಿಸಲೇಬೇಡಿ.

ಕಾಡಿನಲ್ಲಿ ಮಂಗ ಸತ್ತರೆ ಅಲ್ಲಿ ರೋಗ ಇರಬಹುದೆಂಬ ಸೂಚನೆ. ಸತ್ತ ಮಂಗನ ಸುದ್ದಿ ತಡವಾಗಿ ಬರುವುದು ಅಜ್ಞಾನದಿಂದಲ್ಲ, 'ನೀವೇ ಕೊಂದಿರಿ' ಎಂದು ಕೇಸು ಬೀಳುವ ಭಯದಿಂದ. ಬೆಳೆಗೆ ಬರುವ ಮಂಗನನ್ನು ಎಲ್ಲರೂ ಓಡಿಸುವವರೇ. ಅರಣ್ಯ ಸಿಬ್ಬಂದಿಯನ್ನೇ ಸಭೆಗೆ ಕರೆಸಿ, 'ಸುದ್ದಿ ಕೊಟ್ಟವರ ಮೇಲೆ ಕೇಸಿಲ್ಲ' ಎಂದು ಅವರ ಬಾಯಲ್ಲೇ ಹೇಳಿಸಿದರೆ ಫೋನು ಬೇಗ ಬರುತ್ತದೆ. ಮಂಗ ಸತ್ತಾಗ ಉಣುಗು ಮೈಬಿಟ್ಟು ಸುತ್ತಲಿನ ನೆಲಕ್ಕೆ ಇಳಿಯುತ್ತದೆ. ಹೆಣ ಮುಟ್ಟಬಾರದು, ಹೂಳಲೂ ಹೋಗಬಾರದು. ಆ ಕಡೆ ದನ ಮೇಯಿಸಬಾರದು.

ಹೇಳುವ ಜಾಗವೂ ಮುಖ್ಯ. ಆಟೋಗೆ ಮೈಕು ಕಟ್ಟಿ ಕೂಗಿದ್ದು ಯಾರಿಗೂ ತಾಗುವುದಿಲ್ಲ. ಸಂಜೆ ಅಡಿಕೆ ಸುಲಿಯುವ ಮನೆಯಲ್ಲಿ ಹೆಂಗಸರು, ಕೂಲಿಗೆ ಬಂದವರು ಎಲ್ಲ ಒಟ್ಟಿಗೆ ಕೂತಿರುತ್ತಾರೆ, ಕೇಳಲು ಹೊತ್ತಿರುತ್ತದೆ. ಅಲ್ಲಿ ಎರಡೇ ವಿಷಯ. ಕಾಡಿಗೆ ಹೋಗಿಬಂದು 3–8 ದಿನದಲ್ಲಿ ತಟ್ಟನೆ ಜ್ವರ, ತಲೆನೋವು, ವಿಪರೀತ ಮೈಕೈನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋದದ್ದನ್ನೂ ಹೇಳಿ ರಕ್ತ ಕೊಡಬೇಕು. ಅಂಗಡಿಯಿಂದ ಬ್ರೂಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ತಂದು ನುಂಗಬಾರದು. ಈ ರೋಗದಲ್ಲಿ ಪ್ಲೇಟ್‌ಲೆಟ್ ಇಳಿಯುವುದರಿಂದ ಆ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.

ವಾಟ್ಸಾಪ್‌ನಲ್ಲಿ ಒಂದು ನಿಮಿಷ ಮೀರದ ಧ್ವನಿ ಸಂದೇಶ ಸಾಕು. ಶುರುವಿನಲ್ಲೇ ದಿನಾಂಕ, ಊರಿನ ಹೆಸರು ಹೇಳಬೇಕು. ಇಲ್ಲವಾದರೆ ಹೋದ ವರ್ಷದ ಮಂಗ ಈ ವರ್ಷವೂ ಸಾಯುತ್ತದೆ, ಪಕ್ಕದ ತಾಲ್ಲೂಕಿನ ಗುಂಪುಗಳಲ್ಲಿ.