ಕುದುರೆ ಮಸಾಲೆಯ ಎಲೆಚುಕ್ಕೆ ರೋಗ: ಗುರುತಿಸುವ ಮತ್ತು ಹತೋಟಿಯ ಬಗೆ

ಕುದುರೆ ಮಸಾಲೆ, ಅಂದರೆ ಲೂಸರ್ನ್ ಎಂಬ ಮೇವಿನ ಬೆಳೆಯ ಮಡಿಯಲ್ಲಿ ಬುಡದ ಎಲೆಗಳು ಹಳದಿಯಾಗಿ ಉದುರತೊಡಗಿದರೆ, ಗೊಬ್ಬರದ ಕೊರತೆಯೆಂದು ಭಾವಿಸಿ ಯೂರಿಯಾ ಎರಚುವ ಮುನ್ನ ನಾಲ್ಕಾರು ಎಲೆಗಳನ್ನು ಕಿತ್ತು ಪರೀಕ್ಷಿಸಬೇಕು. ಎಲೆಯ ಮೇಲೆ 1ರಿಂದ 3 ಮಿ.ಮೀ. ಅಗಲದ, ಅಂಚು ಗರಗಸದ ಹಲ್ಲಿನಂತಿರುವ ದುಂಡನೆಯ ಕಡುಗಂದು ಚುಕ್ಕೆಗಳಿದ್ದರೆ, ಅದು ಸ್ಯೂಡೊಪೆಝೈಝಾ ಮೆಡಿಕಾಜಿನಿಸ್ ಎಂಬ ಶಿಲೀಂಧ್ರದಿಂದ ಬರುವ ಎಲೆಚುಕ್ಕೆ ರೋಗವಿರಬಹುದು. ಬಲಿತ ಚುಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ನಟ್ಟನಡುವೆ ರಾಗಿಕಾಳಿಗಿಂತ ಚಿಕ್ಕದಾದ, ತಿಳಿಗಂದು ಬಣ್ಣದ ಬಟ್ಟಲಿನಂಥ ಉಬ್ಬು ಕಾಣುತ್ತದೆ. ಇಷ್ಟು ಕಂಡ ಮೇಲೆ ಅನುಮಾನ ಉಳಿಯುವುದಿಲ್ಲ. ಉಜ್ಜಿದಾಗ ಬೆರಳಿಗೆ ಕೆಂಗಂದು ಪುಡಿ ಅಂಟಿದರೆ ಅದು ತುಕ್ಕು ರೋಗ, ಅದರ ಮಾತು ಬೇರೆ.

ಆ ಬಟ್ಟಲಿನಿಂದ ಸಿಡಿಯುವ ಬೀಜಾಣುಗಳು ಗಾಳಿಯಲ್ಲಿ ತೇಲಿ ಮೇಲಿನ ಎಲೆಗಳನ್ನು ಸೇರುತ್ತವೆ. ಉದುರಿದ ತರಗೆಲೆಯಲ್ಲಿಯೂ ಶಿಲೀಂಧ್ರ ಬದುಕಿರುತ್ತದೆ. ತಂಪು ಹವೆಯಲ್ಲಿ ಎಲೆ ಬಹಳ ಹೊತ್ತು ಒದ್ದೆಯಾಗಿದ್ದರೆ ರೋಗ ಬೇಗ ಹಬ್ಬುವುದರಿಂದ, ತುಂತುರು ನೀರಾವರಿ ಇರುವವರು ಸಂಜೆ ನೀರು ಹಾಯಿಸದೆ, ಬಿಸಿಲಿಗೆ ಎಲೆ ಒಣಗುವಂತೆ ಬೆಳಗಿನ ಹೊತ್ತು ಹಾಯಿಸುವುದು ಲೇಸು.

ಈ ರೋಗದಿಂದ ಗಿಡ ಸಾಯುವುದು ಅಪರೂಪ; ನಷ್ಟವಾಗುವುದು ಎಲೆ, ಮೇವಿನ ಪ್ರೋಟೀನಿನ ಬಹುಪಾಲು ಇರುವುದೂ ಅಲ್ಲಿಯೇ. ಆದ್ದರಿಂದ ಎಲೆ ಉದುರುವುದು ಹೆಚ್ಚುತ್ತಿದ್ದರೆ ಹೂ ಬರಲೆಂದು ಕಾಯದೆ, ನೆಲದಿಂದ ನಾಲ್ಕು ಬೆರಳು ಬಿಟ್ಟು ಕೊಯ್ದು, ಕೊಯ್ದ ಸೊಪ್ಪನ್ನು ಮಡಿಯಲ್ಲಿ ಬಿಡದೆ ಅಂದೇ ಹೊರಗೆ ಸಾಗಿಸಬೇಕು. ರೋಗವಿಲ್ಲದ ಮಡಿಯನ್ನು ಮೊದಲು ಕೊಯ್ದು, ರೋಗವಿರುವುದನ್ನು ಕೊನೆಗೆ, ಇಬ್ಬನಿ ಆರಿದ ಮೇಲೆ ಕೊಯ್ಯುವುದು ಸರಿಯಾದ ಕ್ರಮ. ಹಾಗೆಂದು ಪ್ರತಿ ಸಲವೂ ಎಳೆಯದರಲ್ಲೇ ಕೊಯ್ದರೆ ಬೇರಿನ ಶಕ್ತಿ ಕುಂದಿ ಬೆಳೆ ಬೇಗ ಮುಗಿದುಹೋಗುತ್ತದೆ.

ಶಿಲೀಂಧ್ರನಾಶಕ ಸಿಂಪಡಿಸುವುದನ್ನು ಮೇವಿನ ಬೆಳೆಗೆ ನಾನು ಒಪ್ಪುವುದಿಲ್ಲ. ಸುಮಾರು ತಿಂಗಳಿಗೊಮ್ಮೆ ಕೊಯ್ದು ಹಸುವಿಗೆ ಹಾಕುವ ಸೊಪ್ಪಿಗೆ ಆ ಖರ್ಚು ಗಿಟ್ಟುವುದಿಲ್ಲ, ಔಷಧಿಯ ಅಂಶ ಹಾಲಿಗೆ ಸೇರುವ ಭಯವೂ ಇದೆ. ಬೀಜಕ್ಕೆಂದು ಬಿಟ್ಟ ತಾಕಿಗೆ ಬೇಕೆನಿಸಿದರೆ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ಮುಂದುವರಿಯಬಹುದು.

ಚುಕ್ಕೆ ಬಿದ್ದ ಎಲೆಗಳಲ್ಲಿ ಹೆಣ್ಣು ಹಾರ್ಮೋನಿನಂತೆ ವರ್ತಿಸುವ ಕೌಮೆಸ್ಟ್ರಾಲ್ ಎಂಬ ವಸ್ತು ಹೆಚ್ಚುತ್ತದೆ. ಅದನ್ನು ಮೇಯ್ದ ಕುರಿಗಳಲ್ಲಿ ಅಂಡಬಿಡುಗಡೆ ಕಡಿಮೆಯಾಗುತ್ತದೆ. ಆದ್ದರಿಂದ ಟಗರು ಬಿಡುವ ಕಾಲಕ್ಕೆ ಹೆಣ್ಣು ಕುರಿಗಳಿಗೆ ಇಂಥ ಸೊಪ್ಪು ಹಾಕದೆ ಜೋಳದ ಮೇವನ್ನೋ ನೇಪಿಯರ್ ಹುಲ್ಲನ್ನೋ ಕೊಡಬೇಕು.